ಕಂಬಳಿಯ ಮರ್ಯಾದೆ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲುಗಾಡಿ ಹಾವೇರಿಯನ್ನು ಮುಟ್ಟುವುದಕ್ಕೆ ಮುನ್ನ ಕರ್ಜಗಿಯೆಂಬ ಸಣ್ಣ ನಿಲ್ದಾಣವನ್ನು ಹಾಯ್ದುಹೋಗುತ್ತದೆ. ಒಂದು ಕಾಲಕ್ಕೆ ಧಾರವಾಡ ಜಿಲ್ಲೆಯ ತಾಲ್ಲೂಕಿಗೆ ತನ್ನ ಹೆಸರನ್ನಿತ್ತಿದ್ದ ಈ ಊರು ಈಗ ವರದಾನದಿಯ ಸಮೀಪದಲ್ಲಿ ಸದ್ದಿಲ್ಲದೆ ಕುಳಿತಿದೆ. ಮಾನ್ವಿಯ ಜಗನ್ನಾಥದಾಸರ ಶಿಷ್ಯರಾಗಿ, ಶ್ರೀದವಿಠಲನೆಂಬ ಅಂಕಿತವನ್ನು ಪಡೆದು, ಗುರುಗಳ ಹರಿಕಥಾಮೃತಸಾರಕ್ಕೆ ಫಲಶ್ರುತಿಸಂಧಿಯನ್ನು ರಚಿಸಿದ ಕರ್ಜಗಿ ದಾಸಪ್ಪನವರು ಇಲ್ಲಿಯವರೇ. ಆದರೂ ದಾಸರ ದಿನವೆಂದೊಡನೆ ಈ ಸೀಮೆಯ ಜನ ಮುಖಮಾಡುವುದು ಕನಕದಾಸನ ನೆಲೆಯಾದ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕಡೆಗೆ.

ಹೀಗೆಯೇ ಐರ್ಲೆಂಡಿನವರು ಮಾರ್ಚ್ 17ರಂದು ತಮ್ಮ ನಾಡಿನ ಪಾಲಕಸಂತ ಪ್ಯಾಟ್ರಿಕ್ಕನ ಹಬ್ಬವನ್ನು ಆಚರಿಸುತ್ತಾರೆ. ಆ ಮಹನೀಯನೋ ಹುಟ್ಟಿನಿಂದ ಐರಿಷನಲ್ಲ, ಹದಿಹರೆಯದಲ್ಲಿ ಸೆರೆಯಾಳಾಗಿ ಆ ದ್ವೀಪಕ್ಕೆ ಬಂದವನು. ನಮ್ಮ ಕನಕನಾದರೋ ಅಪ್ಪಟ ಈ ಮಣ್ಣಿನವನು. ಬಾಡದಲ್ಲಿ ತಿಮ್ಮಪ್ಪನಾಯಕನಾಗಿ ಹುಟ್ಟಿ, ಹೊನ್ನಿನ ನಿಧಿ ದೊರೆತದ್ದರಿಂದ ಕನಕನೆನಿಸಿ, ಕತ್ತಿಯನ್ನು ಕೆಳಗಿಟ್ಟು ತಂಬೂರಿಯನ್ನು ಹಿಡಿದ ಆತ, ತನ್ನ ಆದಿಕೇಶವನನ್ನು ಕಾಗಿನೆಲೆಯಲ್ಲಿ ನೆಲೆಗೊಳಿಸಿದನೆಂದು ಪರಂಪರೆ ಹೇಳುತ್ತದೆ. ಕಾರ್ತಿಕ ಬಹುಳ ತದಿಗೆಯಂದು ಬರುವ ಆತನ ಜಯಂತಿಗೆ 2008ರಿಂದ ರಾಜ್ಯವೇ ರಜೆ ಕೊಡುತ್ತಿದೆ. ಕಚೇರಿಗಳಲ್ಲಿ ಭಾವಚಿತ್ರಕ್ಕೆ ಮಾಲೆ ಹಾಕಿ ಎರಡು ಮಾತಾಡಿ ಮುಗಿಸುವ ಶಾಸ್ತ್ರದ ಬಗೆಗೆ ನಾನು ಹೆಚ್ಚು ಹೇಳಲಾರೆ.

ನೋಡತಕ್ಕದ್ದು ಇರುವುದು ಹಳ್ಳಿಯ ದಾರಿಯಲ್ಲಿ. ಒಕ್ಕಿದ ಗೋವಿನಜೋಳವನ್ನು ರಸ್ತೆಯ ಮಗ್ಗುಲಲ್ಲಿ ಹರವಿರುವ ಆ ಕಾಲದಲ್ಲಿ ಡೊಳ್ಳಿನ ಮೇಳಗಳು ಹೊರಡುತ್ತವೆ. ಗುಂಡಿಗೆಯನ್ನೇ ಬಡಿದಂತೆ ಕೇಳುವ ಆ ನಾದ, ಕಣ್ಣಿಗೆ ಮೆರವಣಿಗೆ ಬೀಳುವುದಕ್ಕೆ ಬಹಳ ಮೊದಲೇ ಕಿವಿಗೆ ಬಂದು ತಲುಪುತ್ತದೆ. ಬಂದ ಅತಿಥಿಗೆ ನೀರು ಬೆಲ್ಲ ಮುಂದಿಟ್ಟು, ಬಳಿಕ ಹೆಗಲಿಗೆ ಕರಿಯ ಕಂಬಳಿಯನ್ನು ಹೊದಿಸುತ್ತಾರೆ. ಜರಿಯ ಶಾಲು ಸಭೆ ಮುಗಿದೊಡನೆ ಪೆಟ್ಟಿಗೆಯ ತಳವನ್ನು ಸೇರುವ ವಸ್ತು, ಕಂಬಳಿ ಹಾಗಲ್ಲ. ಕುರಿಯ ಉಣ್ಣೆಯನ್ನು ಕತ್ತರಿಸಿ, ನೂತು, ಹುಣಸೆಬೀಜದ ಸರಿಯನ್ನು ಸವರಿ ಗಡುಸುಗೊಳಿಸಿದ ಹಾಸಿನ ನೂಲಿನಿಂದ ಮಗ್ಗದಲ್ಲಿ ನೇಯ್ದ ಅದು ಮಳೆಗೂ ಚಳಿಗೂ ಆಗುತ್ತದೆ, ಹೊಲದ ಕಾವಲಿಗೂ ಆಗುತ್ತದೆ, ಬೀಗರು ಬಂದರೆ ಹಾಸುವುದಕ್ಕೂ ಆಗುತ್ತದೆ. ಹೊಸದರಲ್ಲಿ ಕತ್ತಿಗೆ ಚುಚ್ಚುತ್ತದೆಂಬುದೂ ನಿಜ. ಕನಕನ ಚಿತ್ರಗಳಲ್ಲಿ ಆತನ ಹೆಗಲ ಮೇಲಿರುವುದೂ ಇದೇ ಆಗಿರುವುದರಿಂದ, ಹೊದಿಸಿಕೊಂಡವನು ಗಳಿಗೆಯ ಮಟ್ಟಿಗಾದರೂ ದಾಸನ ಬಳಗಕ್ಕೆ ಸೇರಿದಂತಾಗುತ್ತದೆ.

ಉಡುಪಿಯ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವನೆಂದು ಜನ ನೆನೆಯುವ ವ್ಯಕ್ತಿಯ ಹೆಸರಿನಲ್ಲಿ ಬಂದವರನ್ನೆಲ್ಲ ಒಳಗೆ ಕರೆದು ಉಣಬಡಿಸುವ ಈ ಪರಿಯನ್ನು ಕಂಡಾಗ ಕನಕನದೇ ಆದ ರಾಮಧಾನ್ಯಚರಿತೆ ನೆನಪಾಗದೆ ಇರದು. ಅಕ್ಕಿಯೂ ರಾಗಿಯೂ ಮೇಲುಕೀಳಿನ ಜಗಳವಾಡಲು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಶ್ರೀರಾಮನು, ಕೆಡದೆ ಉಳಿದ ರಾಗಿಗೆ ತನ್ನ ಹೆಸರನ್ನೇ ಕೊಟ್ಟನೆಂಬುದು ಭಾಮಿನೀಷಟ್ಪದಿಯ ಆ ಕಾವ್ಯದ ಕಥೆ. ಆದರೆ ನಮ್ಮದು ರೊಟ್ಟಿಯ ಸೀಮೆ. ರಾಗಿಯ ಪಕ್ಷ ವಹಿಸಿದ ಕವಿಯ ನಾಡಿನವರು ಅತಿಥಿಯ ತಟ್ಟೆಗೆ ಇಡುವುದು ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾಚಟ್ನಿ, ಕೊನೆಗೆ ಗೋಧಿಹುಗ್ಗಿ. ಬಡಿಸುವವರಿಗೆ 'ಸಾಕು' ಎಂಬ ಶಬ್ದ ಅರ್ಥವಾಗುವುದಿಲ್ಲ.

ಕಾಗಿನೆಲೆಗೆ ಹೋಗುವವರು ಹಾವೇರಿಯಲ್ಲಾಗಲಿ ಬ್ಯಾಡಗಿಯಲ್ಲಾಗಲಿ ಇಳಿಯಬಹುದು. ಬಿಡುವುಳ್ಳವರು ಒಂದು ದಿನ ಮುಂಚಿತವಾಗಿ ಹೊರಟು, ಕರ್ಜಗಿಯಲ್ಲಿಯೂ ಇಳಿದು, ದಾಸಪ್ಪನವರ ಊರನ್ನು ನೋಡಿಕೊಂಡು ಮುಂದೆ ಹೋಗಲಿ.