ಕೈಯಿಂದ ಕೈಗೆ ಹೋದ ನೀಲಿ ಬೆಳಕು

ಹಳೇ ಸಾಮಾನಿನ ಅಂಗಡಿ, ಅಲ್ಲೊಂದು ಗಡಿಯಾರ ಇಲ್ಲಾ ಗೊಂಬೆ, ಅದನ್ನ ಕೊಂಡವರ ಮನೆಯಲ್ಲೆಲ್ಲ ಸಾವು. ಕರೆಂಟ್ ಹೋದ ರಾತ್ರಿ ಹಾಸ್ಟೆಲ್‌ನಲ್ಲಿ ಇಂಥ ಕಥೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಒಂದು ವಸ್ತು, ಅದರ ಬೆನ್ನಿಗೆ ಹತ್ತು ಕಥೆ. ನಮಗೇನು ಇದು ಹೊಸದಲ್ಲ. ಬತ್ತೀಸ ಪುತ್ತಳಿಯಲ್ಲೂ ಸಿಂಹಾಸನ ಒಂದೇ, ಕಥೆ ಹೇಳೋ ಗೊಂಬೆಗಳು 32.

ದೆವ್ವ ಇಲ್ಲದೆಯೂ ಇಂಥದ್ದು ನಡೆದದ್ದಿದೆ.

1987ರ ಸೆಪ್ಟೆಂಬರ್, ಬ್ರೆಜಿಲ್‌ನ ಗೊಯಾನಿಯಾ ನಗರ. ಪಾಳುಬಿದ್ದ ಚಿಕಿತ್ಸಾಲಯದಲ್ಲಿ ಉಳಿದಿದ್ದ ಕ್ಯಾನ್ಸರ್ ಯಂತ್ರದ ಭಾಗವನ್ನು ಇಬ್ಬರು ಬಿಚ್ಚಿ ಗುಜರಿಗೆ ಮಾರಿದರು. ಒಳಗಿದ್ದದ್ದು ಸೀಸಿಯಂ-137. ರಾತ್ರಿ ಅದು ನೀಲಿಯಾಗಿ ಹೊಳೆಯೋದನ್ನು ಕಂಡ ಗುಜರಿ ಮಾಲೀಕ, ಬೆಲೆಬಾಳೋದು, ಅಲೌಕಿಕವೂ ಇರಬಹುದು ಅಂದುಕೊಂಡು ಮನೆಯೊಳಗೆ ತಂದಿಟ್ಟ. ನೆಂಟರು, ನೆರೆಯವರು ನೋಡಲು ಬಂದರು. ಅಕ್ಕಿಕಾಳಿನಷ್ಟು ಚೂರುಗಳು ಮನೆಮನೆಗೆ ಹೋದವು. ಅವನ ಸಹೋದರ ಒಯ್ದ ಪುಡಿ ಆರು ವರ್ಷದ ಮಗಳ ಕೈಗೆ ಹತ್ತಿತು, ಊಟದ ಜೊತೆ ಹೊಟ್ಟೆಗೂ ಹೋಯಿತು. ಮನೆಯವರೆಲ್ಲ ಕಾಯಿಲೆ ಬೀಳತೊಡಗಿದಾಗ ಆ ವಸ್ತುವಿನ ಮೇಲೆ ಅನುಮಾನಪಟ್ಟವಳು ಮಾಲೀಕನ ಹೆಂಡತಿ. ಚೀಲಕ್ಕೆ ತುಂಬಿಸಿ, ಬಸ್ಸಿನಲ್ಲೇ ಆರೋಗ್ಯ ಇಲಾಖೆಯ ಕಚೇರಿಗೆ ಒಯ್ದಳು. ಗುಟ್ಟು ರಟ್ಟಾದದ್ದು ಹಾಗೆ. ಸತ್ತ ನಾಲ್ವರಲ್ಲಿ ಅವಳೂ ಒಬ್ಬಳು, ಆ ಮಗುವೂ. ಒಂದು ಲಕ್ಷಕ್ಕೂ ಹೆಚ್ಚು ಜನರ ತಪಾಸಣೆ ಆಯಿತು. ದೆವ್ವದ ಕಥೆಯಾಗಿದ್ದರೆ ಮಂತ್ರವಾದಿ ಬರುತ್ತಿದ್ದ; ಇಲ್ಲಿ ಕೆಲಸಕ್ಕೆ ಬಂದದ್ದು ಮನೆಯಾಕೆಯ ಅನುಮಾನ.

ಅದು ದೂರದ ಮಾತು ಅನ್ನಬೇಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ, ಹರಾಜಿನಲ್ಲಿ ಮಾರಿದ ದೆಹಲಿ ವಿಶ್ವವಿದ್ಯಾಲಯದ ಹಳೇ ಪ್ರಯೋಗಾಲಯದ ಯಂತ್ರವೊಂದು ಬಂತು. ಒಳಗೆ ಕೋಬಾಲ್ಟ್-60. ಬಿಡಿಸಿದವರಿಗೆ ಗೊತ್ತಿರಲಿಲ್ಲ, ಒಬ್ಬರು ಚೂರನ್ನು ಪಾಕೀಟಿನಲ್ಲೇ ಇಟ್ಟುಕೊಂಡಿದ್ದರು. ಒಬ್ಬರು ಸತ್ತರು. ಆ ಯಂತ್ರ 1985ರಿಂದ ಮೂಲೆ ಸೇರಿತ್ತು. ಕೋಬಾಲ್ಟ್-60ರ ಅರ್ಧಾಯು ಸುಮಾರು 5.27 ವರ್ಷ. ಲೆಕ್ಕ ಹಾಕಿ ನೋಡ್ರಿ: 25 ವರ್ಷದಲ್ಲಿ ಅದರ ಶಕ್ತಿ ಹೆಚ್ಚುಕಡಿಮೆ 27ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಉಳಿದ ಆ ಒಂದು ಪಾಲೇ ಸಾಕಾಯಿತು. ತಾಜಸುಲ್ತಾನಪುರದ ಗುಜರಿ ಅಂಗಡಿಯಾದರೂ ಅಷ್ಟೇ, ತಕ್ಕಡಿಗೆ ತೂಕ ತಿಳಿಯುತ್ತದೆ, ವಿಕಿರಣ ತಿಳಿಯೋದಿಲ್ಲ. ಹಳದಿ ಮೇಲೆ ಮೂರು ರೆಕ್ಕೆಯ ಫ್ಯಾನಿನಂಥ ಗುರುತು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ಬಣ್ಣ ಸುಲಿದು ಗುರುತು ಅಳಿಸಿಹೋಗಿರಲೂಬಹುದು. ಗಾತ್ರಕ್ಕೆ ಮೀರಿ ಭಾರವಿರೋ ಸೀಸದ ಡಬ್ಬಿ ಕಂಡರೂ ಅನುಮಾನವಿರಲಿ.

ಇದೇ ವಿಕಿರಣದ ಭಯವನ್ನು ಬಂಡವಾಳ ಮಾಡಿಕೊಂಡವರೂ ಇದ್ದಾರೆ. 'ರೈಸ್ ಪುಲ್ಲರ್' ಮೋಸ ಕರ್ನಾಟಕಕ್ಕೂ ಹೊಸದಲ್ಲ. ಸಿಡಿಲು ಬಡಿದ ಹಳೇ ತಾಮ್ರದ ಚೊಂಬಂತೆ, ಒಳಗೆ ಇರಿಡಿಯಂ ಅಂತೆ, ಅಕ್ಕಿಯನ್ನೇ ಎಳೀತದಂತೆ, ವಿದೇಶದವರು ಕೋಟಿಗಟ್ಟಲೆ ಕೊಡ್ತಾರಂತೆ. ವಿಕಿರಣ ನಿರೋಧಕ ಉಡುಪು ತೊಟ್ಟ 'ವಿಜ್ಞಾನಿ' ಪರೀಕ್ಷೆಗೆ ಬರ್ತಾನೆ, ಪರೀಕ್ಷೆಯ ಫೀಸು ಮಾತ್ರ ಮೊದಲೇ ಕೊಡಬೇಕು. ತಾಮ್ರ ಅಕ್ಕಿಯನ್ನೂ ಎಳೆಯೋದಿಲ್ಲ, ಕಬ್ಬಿಣವನ್ನೂ ಎಳೆಯೋದಿಲ್ಲ. ಎಳೆಯೋದು ಚೊಂಬಿನೊಳಗೆ ಅಡಗಿಸಿದ ಅಯಸ್ಕಾಂತ; ಅವರು ತಂದ ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿರ್ತಾರೆ. ನಮ್ಮ ಮನ್ಯಾಗಿನ ಅಕ್ಕಿ ಹಾಕ್ರಿ ಅಂದು ನೋಡಿ, ಚೊಂಬು ಸುಮ್ಮನಾಗ್ತದ.