ಸಗಣಿಹುಳುವಿಗೂ ನೆರಳು ಬೇಕು

ಸಗಣಿಯಿದ್ದಲ್ಲೆಲ್ಲ ಸಗಣಿಹುಳುಗಳಿರುವುವೆಂದು ತಿಳಿಯಬಾರದು. ಅಂಕೋಲೆಯ ಪೇಟೆಯಲ್ಲಿ ದನಗಳಿಗೇನು ಕೊರತೆ? ಆದರೆ ಕಾರವಾರ, ಅಂಕೋಲೆಗಳ ಘಟ್ಟದ ಬುಡದಲ್ಲಿ ಕಾಡಿನ ನೆರಳಿಗೆ ಒಗ್ಗಿದ ಅಪರೂಪದ ಜಾತಿಗಳು ಬಯಲಿಗೆ ಬರುವುದು ಕಡಮೆ.

ಕೆಲವು ಹುಳುಗಳು ಸಗಣಿಯನ್ನು ಉಂಡೆಗಟ್ಟಿ ಹಿಂಗಾಲುಗಳಿಂದ ಉರುಳಿಸುತ್ತವೆ. ಹಲವು ಅಲ್ಲಿಯೇ ಬಿಲ ತೋಡಿ ಕೆಳಕ್ಕೆ ಸಾಗಿಸುತ್ತವೆ. ಹೆಣ್ಣು ಸಾಮಾನ್ಯವಾಗಿ ಒಂದು ಉಂಡೆಗೆ ಒಂದೇ ಮೊಟ್ಟೆಯಿಡುತ್ತದೆ. ಮರಿಗೆ ಅದೇ ಮನೆ, ಅದೇ ಊಟ. ನೆಲಕ್ಕೆ ಗೊಬ್ಬರವಾಯಿತು, ಕಾಡುಪ್ರಾಣಿಗಳು ತಿಂದ ಹಣ್ಣಿನ ಬೀಜಕ್ಕೆ ಮಣ್ಣಿನ ಹೊದಿಕೆಯೂ ದೊರೆಯಿತು!

ಮರ ಹೋದರೆ ಬಿಸಿಲಿಗೆ ಸಗಣಿ ಬೇಗನೆ ಒಣಗುತ್ತದೆ, ಚಿರೇಕಲ್ಲಿನ ನೆಲ ಗಟ್ಟಿಯಾಗುತ್ತದೆ. ಬಿಲ ತೋಡುವುದೆಂತು? 2020ರಲ್ಲಿ ರಾಜ್ಯ ವನ್ಯಜೀವಿ ಮಂಡಲಿ ಒಪ್ಪಿದ ಹುಬ್ಬಳ್ಳಿ–ಅಂಕೋಲೆ ರೈಲುಮಾರ್ಗದ ಯೋಜನೆ ಕೇಳಿದ್ದು ಸುಮಾರು 595 ಹೆಕ್ಟೇರು ಕಾಡನ್ನು. ಹಾದಿಯ ಇಕ್ಕೆಲಗಳಲ್ಲಿ ಮರ ಉಳಿದರೂ ಅಂಚಿನ ಬಿಸಿಲು ಒಳನುಗ್ಗದೆ ಇರದು.