ವಾರಕ್ಕೊಂದು ಪೆನ್ನಿ

ಅಂದು ಅವರು ಸೇರಿದ್ದು ದೇವರ ವಿಷಯ ಮಾತಾಡಲಲ್ಲ, ಸಾಲದ ವಿಷಯಕ್ಕೆ. 1742ರ ಫೆಬ್ರವರಿ 15, ಇಂಗ್ಲೆಂಡಿನ ಬಂದರು ಊರು ಬ್ರಿಸ್ಟಲ್. ಮೂರು ವರ್ಷದ ಹಿಂದೆ ಕಟ್ಟಲು ಶುರುಮಾಡಿದ್ದ ‘ನ್ಯೂ ರೂಮ್’ ಪ್ರಾರ್ಥನಾ ಮಂದಿರದ ಸಾಲ ಇನ್ನೂ ತಲೆಯ ಮೇಲಿತ್ತು. ತಲೆಗೆ ವಾರಕ್ಕೊಂದು ಪೆನ್ನಿ ಎತ್ತೋಣ ಎಂದರು ಕ್ಯಾಪ್ಟನ್ ಫಾಯ್ ಎಂಬವರು. ಅಷ್ಟಕ್ಕೂ ಗತಿಯಿಲ್ಲದವರು ಬಹಳ ಮಂದಿ ಇದ್ದಾರಲ್ಲ ಎಂದು ಯಾರೋ ತಕರಾರು ತೆಗೆದರು. ಹಾಗಿದ್ದರೆ ತೀರಾ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಲೆಕ್ಕಕ್ಕೆ ಬರೆಯಿರಿ, ವಾರ ವಾರ ನಾನೇ ಹೋಗಿ ಕೇಳುತ್ತೇನೆ, ಕೊಟ್ಟರೆ ಸರಿ, ಇಲ್ಲದಿದ್ದರೆ ಅವರದ್ದನ್ನೂ ನಾನೇ ತುಂಬುತ್ತೇನೆ ಎಂದರು ಫಾಯ್. ಉಳಿದವರೂ ಹಾಗೆಯೇ ಒಂದೊಂದು ಗುಂಪಿನ ಹೊಣೆ ಹೊತ್ತರು. ಸುಮಾರು ಹನ್ನೆರಡು ಜನರ ಆ ಗುಂಪಿಗೆ ‘ಕ್ಲಾಸ್’ ಎಂದು ಹೆಸರಾಯಿತು. ಸ್ವಸಹಾಯ ಸಂಘದ ವಾರದ ಕಂತು ಕಟ್ಟಿದ ನಮ್ಮ ಹೆಂಗಸರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಿಲ್ಲ.

ಬ್ರಿಸ್ಟಲ್ಲಿನ ಈ ಮಂದಿಯ ಗುರು ಜಾನ್ ವೆಸ್ಲಿ ಆಂಗ್ಲಿಕನ್ ಪಾದ್ರಿ, ಪಾದ್ರಿಯ ಮಗ. ಆಚಾರದಲ್ಲಿ ಅವರಿಗೆ ಕೊರತೆಯೇ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿದ್ದಾಗ ಬುಧವಾರ, ಶುಕ್ರವಾರ ಉಪವಾಸ. ಜೈಲಿಗೆ ಹೋಗಿ ಕೈದಿಗಳ ಭೇಟಿ. ಇವರ ಈ ಕಟ್ಟುನಿಟ್ಟನ್ನು ಕಂಡು ಗೇಲಿಗೆ ಇಟ್ಟ ಹೆಸರೇ ‘ಮೆಥಡಿಸ್ಟ್’. ಆದರೆ 1736ರ ಜನವರಿಯಲ್ಲಿ, ಅಮೆರಿಕದ ಜಾರ್ಜಿಯಾಕ್ಕೆ ಹೊರಟ ಹಡಗಿನಲ್ಲಿ, ಈ ಆಚಾರವೆಲ್ಲ ಕೈಕೊಟ್ಟಿತು. ಬಿರುಗಾಳಿಗೆ ದೊಡ್ಡ ಹಾಯಿ ಹರಿದು, ಕಡಲು ಹಡಗಿನೊಳಕ್ಕೆ ನುಗ್ಗಿತು. ಇಂಗ್ಲಿಷರು ಚೀರಾಡಿದರು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಎಂಬ ಕ್ರೈಸ್ತ ಪಂಥದ ಜರ್ಮನ್ನರು ಮಾತ್ರ ಕೀರ್ತನೆ ಹಾಡುತ್ತಲೇ ಇದ್ದರು, ಹೆಂಗಸರು ಮಕ್ಕಳ ಸಮೇತ. ಸಾವಿನ ಭಯ ತನ್ನನ್ನು ಬಿಟ್ಟಿಲ್ಲ ಎಂಬುದು ಪಾದ್ರಿಗೆ ಗೊತ್ತಾಗಿಹೋಯಿತು.

1738ರ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ ನಂಬಿಕೆ ಗಟ್ಟಿಯಾಗಿ ವೆಸ್ಲಿಯ ಎದೆ ಬೆಚ್ಚಗಾದ ಪ್ರಸಂಗವನ್ನು ಅವರ ಜೀವನಚರಿತ್ರೆಗಳು ತಪ್ಪದೆ ಹೇಳುತ್ತವೆ. ಮೂರು ವರ್ಷದ ನಂತರ ಆಕ್ಸ್‌ಫರ್ಡಿನ ಪೀಠದಲ್ಲೇ ನಿಂತು, ಹೊರಗಿನ ಶಿಸ್ತೆಲ್ಲ ಇದ್ದೂ ಮುಕ್ಕಾಲು ಕ್ರೈಸ್ತನಾಗಿ ಉಳಿದುಬಿಡುವುದರ ಬಗ್ಗೆ ಅವರು ಉಪದೇಶ ಮಾಡಿದರು. ತಾನೂ ಹಾಗೆಯೇ ಇದ್ದೆನೆಂದು ಒಪ್ಪಿಕೊಂಡರು. ಆದರೂ ನನ್ನ ಲೆಕ್ಕದಲ್ಲಿ ಆಲ್ಡರ್ಸ್‌ಗೇಟಿಗಿಂತ ಬ್ರಿಸ್ಟಲ್ಲಿನ ಪೆನ್ನಿಯೇ ದೊಡ್ಡದು. ಒಬ್ಬರ ಎದೆ ಬೆಚ್ಚಗಾಗಿದ್ದು ಹನ್ನೆರಡು ಮಂದಿಗೆ ದಾಟುವುದು ಹೇಗೆ ಎಂಬುದಕ್ಕೆ ಉಪದೇಶದಲ್ಲಿ ಉತ್ತರವಿರಲಿಲ್ಲ.

ಪೆನ್ನಿ ವಸೂಲಿಗೆ ಮನೆ ಮನೆಗೆ ಹೋದವರು ಬೇರೆಯದೇ ವರದಿ ತಂದರು. ಒಬ್ಬ ಹೆಂಡತಿಯೊಂದಿಗೆ ಜಗಳಕ್ಕೆ ನಿಂತಿದ್ದ. ಇನ್ನೊಬ್ಬ ಕುಡಿದಿದ್ದ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ಕೂರುವವರ ಬಾಳು ಬಾಗಿಲಲ್ಲಿ ನಿಂತವನಿಗೆ ಕಾಣಿಸಿತು. ಬಹುಕಾಲದಿಂದ ಬೇಕಿದ್ದದ್ದು ಇದೇ ಎಂದು ವೆಸ್ಲಿಗೆ ಹೊಳೆದದ್ದು ಆಗ. ಇನ್ನು ಮೇಲೆ ಕಾಸಿನ ಜೊತೆ ಅವರವರ ಆತ್ಮದ ಕ್ಷೇಮವನ್ನೂ ವಿಚಾರಿಸಿ ಬರಬೇಕೆಂದು ಗುಂಪಿನ ನಾಯಕರಿಗೆ ಹೇಳಿದರು.

ಆದರೆ ಮನೆ ಸುತ್ತುವುದು ಬಹಳ ದಿನ ನಡೆಯಲಿಲ್ಲ. ನಾಯಕರೂ ದುಡಿದು ಉಣ್ಣುವವರು, ಪುರುಸೊತ್ತು ಎಲ್ಲಿಯದು? ಸದಸ್ಯರಲ್ಲಿ ಎಷ್ಟೋ ಮಂದಿ ಕಂಡವರ ಮನೆಯ ಆಳುಗಳು. ಯಜಮಾನರು ಇಂಥ ಭೇಟಿಗೆ ಬಿಡುತ್ತಿರಲಿಲ್ಲ. ಒಬ್ಬರ ಮೇಲೊಬ್ಬರು ದೂರು ಹೇಳಿದಾಗ ಇಬ್ಬರನ್ನೂ ಎದುರು ಕೂರಿಸದೆ ಬಗೆಹರಿಯುತ್ತಲೂ ಇರಲಿಲ್ಲ. ಹಾಗಾಗಿ ಹನ್ನೆರಡೂ ಮಂದಿ ವಾರಕ್ಕೊಮ್ಮೆ ಒಂದೆಡೆ ಸೇರತೊಡಗಿದರು. ಹೆಂಗಸರೂ ನಾಯಕಿಯರಾದರು. ಯಜಮಾನರ ಮನೆಯಲ್ಲಿ ಕರೆದಾಗ ಓಗೊಡುವುದಷ್ಟೇ ಕೆಲಸವಾಗಿದ್ದ ಕೆಲಸದಾಕೆಯನ್ನು ಇಲ್ಲಿ ಹೆಸರು ಹಿಡಿದು, ಈ ವಾರ ನಿನ್ನ ಒಳಗು ಹೇಗಿದೆ ಎಂದು ಕೇಳುತ್ತಿದ್ದರು. ಕೇಳಿದವರು ಉತ್ತರಕ್ಕೆ ಕಾಯುತ್ತಲೂ ಇದ್ದರು.

ಮೂರು ತಿಂಗಳಿಗೊಮ್ಮೆ ವಿಚಾರಣೆ, ಸದಸ್ಯತ್ವದ ಹೊಸ ಟಿಕೆಟ್. ಹತ್ತೊಂಬತ್ತನೇ ಶತಮಾನಕ್ಕೆ ಬರುವಷ್ಟರಲ್ಲಿ ಇದೂ ಸವೆಯಿತು. ಅದೇ ಪ್ರಶ್ನೆ, ಬಾಯಿಪಾಠದ ಅದೇ ಉತ್ತರ. ಒಣ ಆಚಾರಕ್ಕೆ ಕೊಟ್ಟ ಮದ್ದೇ ಒಣ ಆಚಾರವಾಗಿದ್ದು ವೆಸ್ಲಿಯವರ ಪಂಗಡವೊಂದರ ಕಥೆಯೇನಲ್ಲ, ಬಿಡಿ. ಈ ಪಂಗಡ ನಮ್ಮ ಕಡೆಗೂ ಬಂತು: ಮೈಸೂರಿನ ವೆಸ್ಲಿ ಪ್ರೆಸ್, ಬೆಂಗಳೂರಿನ ಹಡ್ಸನ್ ಚರ್ಚ್ ಈ ವಂಶದವೇ. ದಕ್ಷಿಣ ಭಾರತದ ಈ ಮೆಥಡಿಸ್ಟರು 1947ರಲ್ಲಿ ಆಂಗ್ಲಿಕನ್ ಮೊದಲಾದವರೊಡನೆ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಆದರು.

ಬ್ರಿಸ್ಟಲ್ ಸಭೆಯ ಮರುವರ್ಷವೇ, 1743ರಲ್ಲಿ, ವೆಸ್ಲಿ ಈ ಕ್ಲಾಸುಗಳೆಲ್ಲ ಸೇರಿದ ತಮ್ಮ ಸಂಘಗಳಿಗೆ ನಿಯಮಾವಳಿ ಅಚ್ಚು ಹಾಕಿಸಿದರು. ವಾರಕ್ಕೊಮ್ಮೆಯಾದರೂ ಪ್ರತಿಯೊಬ್ಬರನ್ನು ಕಂಡು ಆತ್ಮದ ಕ್ಷೇಮ ಕೇಳಬೇಕು ಎಂಬುದು ನಾಯಕನ ಮೊದಲ ಕೆಲಸ. ಬಡವರಿಗಾಗಿ ಸದಸ್ಯರು ಮನಸಾರೆ ಕೊಟ್ಟದ್ದನ್ನು ತೆಗೆದುಕೊಳ್ಳುವುದೂ ಅದರಲ್ಲಿದೆ. ಕಟ್ಟಡದ ಸಾಲದ ಸುದ್ದಿಯೇ ಇಲ್ಲ.